ವಾರಕ್ಕೊಂದು ಗುಂಡಿ

"ಸುಳ್ಳು ಹೇಳ್ಬೇಡಿ. ಈ ಗುಂಡಿ ಬಿದ್ದಿದ್ದಲ್ಲ, ಕತ್ತರಿಸಿದ್ದು."

ಪರದೆಯನ್ನು ಒಂದೇ ಏಟಿಗೆ ಸರಿಸಿ ಹೊರಬಂದವಳು ಅಂಗಿಯನ್ನು ಕೌಂಟರಿನ ಮೇಲೆ ಹರವಿ, ಗುಂಡಿಯಿಲ್ಲದ ಜಾಗಕ್ಕೆ ಬೆರಳು ಒತ್ತಿದಳು. ಎದುರಿಗೆ ನಿಂತಿದ್ದವನು ಬೆರಳನ್ನು ನೋಡಲಿಲ್ಲ. ಅವಳನ್ನು ನೋಡಿದ.

"ಒಳಗೆ ಕೂತು ಹೊಲಿಯೋರು... ನೀವೇನಾ?"

"ನಾನ್ಯಾರು ಅನ್ನೋದು ಆಮೇಲೆ. ಮೊದಲು ಇಲ್ಲಿ ನೋಡಿ. ತಾನಾಗಿ ಬೀಳೋ ಗುಂಡಿ ದಾರಾನ ಜಗ್ಗಿಕೊಂಡು ಬೀಳುತ್ತೆ. ಬಟ್ಟೆ ಮುದುಡಿರುತ್ತೆ, ದಾರದ ತುದಿ ಹಿಂಜಿರುತ್ತೆ. ಇಲ್ಲಿ ದಾರ ಹುಲ್ಲು ಕೊಯ್ದ ಹಾಗೆ ನಿಂತಿದೆ. ಹೋದ ವಾರವೂ ಹೀಗೇ, ಅದರ ಹಿಂದಿನ ವಾರವೂ ಹೀಗೇ. ಅದೂ ಮೇಲಿಂದ ಕೆಳಕ್ಕೆ, ಒಂದಾದ ಮೇಲೆ ಒಂದು. ನಿಮ್ಮ ಗುಂಡಿಗಳು ಕ್ಯೂ ನಿಂತು ಬೀಳ್ತವಾ?"

ಅವನು ಲಿಫ್ಟ್ ರಿಪೇರಿ ಮಾಡುವವನು. ನೀಲಿ ಸಮವಸ್ತ್ರದ ಜೇಬಿನ ಮೇಲೆ ಕಂಪನಿಯ ಗುರುತು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಈಗ ಅವನ ಕಿವಿಗಳು ಕೆಂಪಾಗಿದ್ದವು.

"ನಾನಾ? ನಾನ್ಯಾಕೆ ನನ್ನ ಗುಂಡಿ ಕತ್ತರಿಸ್ಕೊಳ್ಳಲಿ?"

"ಅದನ್ನೇ ನಾನೂ ಕೇಳ್ತಿರೋದು."

ಸ್ಟೂಲಿನ ಮೇಲೆ ಕೂತಿದ್ದ ದಪ್ಪ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಅವಳ ಮಗನ ಪ್ಯಾಂಟಿನ ಕೆಲಸ ಮುಗಿದು ಎಷ್ಟೋ ಹೊತ್ತಾಗಿತ್ತು. "ಅಷ್ಟೂ ಗೊತ್ತಾಗಲ್ವೇನಮ್ಮ? ಹುಡುಗಿ ಮುಖ ನೋಡೋಕೆ ಹುಡುಗ ಗುಂಡಿ ಕಿತ್ಕೊಂಡು ಬಂದಿದ್ದಾನೆ!"

"ನಿಮ್ಮ ಕೆಲಸ ಆಯ್ತಲ್ಲ, ಸ್ಟೂಲು ಬಿಡಿ," ಎಂದಳು ಕೌಂಟರಿನ ಹಿಂದಿದ್ದ ಅತ್ತೆ. "ಇಕ್ಕಟ್ಟು ಅಂಗಡಿ. ಕೆಲಸ ಬಾಕಿ ಇರೋರಿಗೆ ಮಾತ್ರ ಸ್ಟೂಲು." ಹೇಳುವಾಗಲೂ ಅವಳು ತಲೆಯೆತ್ತಲಿಲ್ಲ. ಬೆಳಗ್ಗೆಯೇ ಬೇರ್ಪಡಿಸಿಟ್ಟಿದ್ದ ಗುಂಡುಸೂಜಿಗಳನ್ನು ಮತ್ತೆ ಬೆರೆಸಿ ಮತ್ತೆ ಬೇರ್ಪಡಿಸುತ್ತಿದ್ದಳು.

ಲಿಫ್ಟಿನವನು ಅಂಗಿಯನ್ನು ಮಡಚಿದ. ಅವಸರವಿಲ್ಲದೆ, ತೋಳಿಗೆ ತೋಳು ಕೂಡಿಸಿ.

"ನನಗೆ ಗೊತ್ತಿರಲಿಲ್ಲ," ಎಂದ. "ನೀವು ಹಾಗಂದ್ಕೊಂಡಿದ್ರೆ... ಇನ್ಮೇಲೆ ಬರಲ್ಲ."

"ಒಳ್ಳೇದು."

ಅವನು ಹೋದ ಮೇಲೆಯೇ ಅವಳಿಗೆ ಅರಿವಾದದ್ದು. ತಾನು ಪರದೆಯ ಈಚೆ ನಿಂತಿದ್ದೇನೆ. ಹಗಲು ಬೆಳಕಿನಲ್ಲಿ, ಗಿರಾಕಿಗಳ ನಡುವೆ... ಒಂದು ವರ್ಷದ ಮೇಲೆ!

ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಪರದೆ ಮುಚ್ಚಿಕೊಂಡಿತು.

*

ಒಂದು ವರ್ಷದ ಹಿಂದೆ ಈ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು ಅವಳೇ. ಅಂಗಡಿ ಸೋದರಮಾವನದು. ಚಿಕ್ಕಂದಿನಿಂದ ಅವಳನ್ನು ಸಾಕಿ ಬೆಳೆಸಿದ್ದೂ ಮಾವ, ಅತ್ತೆಯೇ. ಮಾವನ ಕೈ ನಡುಗಲು ಶುರುವಾದಾಗ ದೊಡ್ಡ ಕತ್ತರಿ ಅವಳ ಪಾಲಿಗೆ ಬಂತು. "ಇವಳು ಕತ್ತರಿ ಹಾಕಿದ್ರೆ ಬಟ್ಟೆ ತಾನಾಗಿ ದಾರಿ ಬಿಡುತ್ತೆ," ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದ.

ಆಮೇಲೆ ಆ ಮಖಮಲ್ಲು ಬಂತು. ಕಡುನೀಲಿ ಬಣ್ಣದ್ದು, ಒಬ್ಬ ಮದುಮಗಳ ಕೋಟಿಗೆ.

ಮಖಮಲ್ಲಿಗೆ ಬೆಕ್ಕಿನ ಮೈಯ ಗುಣ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ತುಂಡುಗಳನ್ನೆಲ್ಲ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಒಂದು ತುಂಡು ತಲೆಕೆಳಗಾದರೂ ಅದು ಬೆಳಕನ್ನು ಬೇರೆ ರೀತಿ ಕುಡಿಯುತ್ತದೆ, ಬೇರೆಯದೇ ಬಣ್ಣದ ಹಾಗೆ ಕಾಣುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟೆ ಉಳಿಸುವ ಆಸೆಗೆ ತುಂಡುಗಳನ್ನು ಅತ್ತಿತ್ತ ತಿರುಗಿಸಿ ಇಡುವಾಗ, ಕೋಟಿನ ಎಡಭಾಗ ತಲೆಕೆಳಗಾಗಿ ಕೂತಿತು. ಟ್ಯೂಬ್‌ಲೈಟಿನ ಕೆಳಗೆ ಯಾರಿಗೂ ಕಾಣಲಿಲ್ಲ. ಮದುವೆಯ ಬೆಳಗ್ಗೆ ಕೋಟು ಕೊಡಲು ಛತ್ರಕ್ಕೆ ಹೋದಾಗ ಕಿಟಕಿಯ ಬಿಸಿಲಲ್ಲಿ ಕಂಡಿತು. ಬಲ ಎದೆ ಕಡುನೀಲಿ. ಎಡ ಎದೆ, ತಿಳಿನೀಲಿ.

ಅದನ್ನು ತೊಟ್ಟು ಕನ್ನಡಿಯ ಕೋಣೆಗೆ ಹೋದ ಮದುಮಗಳು ಬಾಗಿಲು ಹಾಕಿಕೊಂಡು ಅತ್ತಳು. ಆ ಅಳು ಬಾಗಿಲಾಚೆ ನಿಂತಿದ್ದವಳ ಕಿವಿಯಲ್ಲಿ ಹಾಗೇ ಉಳಿದುಹೋಯಿತು.

ಅಂದಿನಿಂದ ಅವಳು ಕತ್ತರಿ ಮುಟ್ಟಲಿಲ್ಲ. ದಾರ ಕಡಿಯುವುದಕ್ಕೂ ಹಲ್ಲು. ಪರದೆಯ ಹಿಂದೆ ಕೂತು ಗುಂಡಿ, ಹರುಕು, ಅಂಚು. ಮಾವನ ಕೈಯಂತೂ ಈಗ ಪೆನ್ಸಿಲನ್ನೂ ನೆಟ್ಟಗೆ ಹಿಡಿಯದು. ಹೊಸ ಬಟ್ಟೆ ಹೊಲಿಸಲು ಬಂದವರನ್ನು ಅತ್ತೆ ಬೇರೆ ಅಂಗಡಿಗೆ ಕಳಿಸುತ್ತಾಳೆ. ಹೀಗೇ ನಡೆದರೆ ಅಂಗಡಿ ಗುಂಡಿ ಹಚ್ಚುತ್ತಲೇ ಮುಚ್ಚಿಹೋಗುತ್ತದೆ, ಅವಳು ಪರದೆಯ ಹಿಂದೆಯೇ ಮುದುಕಿಯಾಗುತ್ತಾಳೆ. ಇದು ಮೂವರಿಗೂ ಗೊತ್ತಿತ್ತು. ಮೂವರೂ ಈ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು.

ಆದರೆ ಈಗ ಅವಳ ತಲೆಯಲ್ಲಿ ಮಖಮಲ್ಲು ಇರಲಿಲ್ಲ. ಕೆಂಪಾದ ಎರಡು ಕಿವಿಗಳಿದ್ದವು.

ಅವನ ಆಶ್ಚರ್ಯ ನಾಟಕದ್ದಲ್ಲ... ಕಳ್ಳನಾಗಿದ್ದರೆ ಮೊದಲು ಅಂಗಿಯನ್ನು ನೋಡುತ್ತಿದ್ದ. ಹಾಗಾದರೆ ಕತ್ತರಿಸಿದ್ದು ಯಾರು? ಒಬ್ಬ ಲಿಫ್ಟಿನವನ ಗುಂಡಿ ಕತ್ತರಿಸಿ ಯಾರಿಗೆ ಏನು ಬರಬೇಕು?

*

ಅವನು ಬರಲಿಲ್ಲ. ಒಂದು ವಾರ, ಮತ್ತೊಂದು ವಾರ.

ಒಂದು ಬೆಳಗ್ಗೆ ಅಂಗಡಿಯ ಶಟರು ಎತ್ತುವಾಗ ಕಿರ್ರೆಂದು ಕೂಗಿತು. ಹಳೆಯ ಕೂಗು. ಅವಳು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಅತ್ತೆ, ಇದು ಮಧ್ಯೆ ಸುಮ್ಮನಿತ್ತಲ್ಲ?"

"ಸುಮ್ಮನಿತ್ತು."

"ಎಣ್ಣೆ ಯಾರು ಹಾಕ್ತಿದ್ರು?"

"ಇನ್ಯಾರು, ನಿನ್ನ ಗುಂಡಿ ಕಳ್ಳ. ಕಾಯೋವಾಗ ಸುಮ್ಮನೆ ಕೂರೋಕೆ ಬರಲ್ಲ ಅವನಿಗೆ. ಕೇಳಿದ್ದಕ್ಕೆ, 'ಒಳಗಡೆಯೋರು ನಾನು ಕೇಳದೇನೇ ಕಾಲರ್ ತಿರುಗಿಸಿ ಹೊಲಿದುಕೊಟ್ಟಿದ್ದಾರೆ, ಶಟರಿಗೆ ನಾಲ್ಕು ಹನಿ ಎಣ್ಣೆ ಹಾಕೋದು ಏನು ಮಹಾ' ಅಂದ."

ಅವಳಿಗೆ ನೆನಪಾಯಿತು. ಸವೆದು ಬಿಳಿಚಿಕೊಂಡಿದ್ದ ಕಾಲರು. ಅದನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಕೂರಿಸಿದ್ದಳು. ಯಾರೂ ಹೇಳಿರಲಿಲ್ಲ. ಗಮನಿಸುತ್ತಾರೆ ಎಂದೂ ಅಂದುಕೊಂಡಿರಲಿಲ್ಲ.

"ನೀನು ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ," ಎಂದಳು ಅತ್ತೆ. ತಡೆದು, ಗಾಳಿಗೆ ಹೇಳಿದ ಹಾಗೆ ಸೇರಿಸಿದಳು. "ಹಿಂದಿನ ಬೀದೀಲಿ ಆ ಎತ್ತರದ ಕಟ್ಟಡ ಇದೆಯಲ್ಲ, ಅಲ್ಲಿ ಲಿಫ್ಟು ಕೆಟ್ಟಿದೆಯಂತೆ."

ಅವಳು ಒಂದು ಗುಂಡಿ ಹಚ್ಚಿದಳು. ಇನ್ನೊಂದು ಹಚ್ಚಿದಳು. ಆಮೇಲೆ ಎದ್ದು ಚಪ್ಪಲಿ ಹುಡುಕಿದಳು.

ಇಸ್ತ್ರಿ ಮಾಡುತ್ತಿದ್ದ ಮಾವ ಅವಳು ದಾಟುವಾಗ ಇಸ್ತ್ರಿಯ ವೈರನ್ನು ಎತ್ತಿ ದಾರಿ ಮಾಡಿಕೊಟ್ಟ, ಅಷ್ಟೇ.

*

ಆ ಕಟ್ಟಡದ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲ ಮುಂದೆ ಅವನು ಮಂಡಿಯೂರಿದ್ದ. ಒಂದು ಕೈ ಉಪಕರಣದ ಮೇಲೆ, ಬಾಯಿ ಬಾಗಿಲ ಸಂದಿಗೆ.

"ಹೇಳಿ ಅಜ್ಜಿ, ಬೆಕ್ಕು ಹಾಲು ಕುಡೀಲಿಲ್ಲ. ಆಮೇಲೆ?"

ಒಳಗಿನಿಂದ ಸಣ್ಣ ದನಿ ಬಂತು. "ಆಮೇಲೇನಪ್ಪ, ಮುನಿಸ್ಕೊಂಡು ಸೋಫಾದ ಹಿಂದೆ ಸೇರ್ಕೊಂಡ್ತು... ನೀನು ಹೋಗ್ಬಿಟ್ಯಾ?"

"ಎಲ್ಲಿ ಹೋಗ್ಲಿ? ಬೆಕ್ಕು ಹೊರಗೆ ಬಂತೋ ಇಲ್ವೋ ಗೊತ್ತಾಗದೆ ನಾನು ಹೋಗಲ್ಲ."

ಅವಳು ಕಂಬದ ಪಕ್ಕ ನಿಂತು ಕೇಳಿಸಿಕೊಂಡಳು. ಬೆಕ್ಕಿನ ಕತೆ ಮುಗಿಯುವ ಹೊತ್ತಿಗೆ ಬಾಗಿಲು ಸರಿಯಿತು. ಕೈಚೀಲ ಅವುಚಿಕೊಂಡ ಅಜ್ಜಿ ಹೊರಬಂದು, ಅವನ ತಲೆಯನ್ನು ಒಮ್ಮೆ ಮುಟ್ಟಿ, ಲಿಫ್ಟಿಗೆ ಬೈಯುತ್ತಾ ಹೋದಳು.

"ಬಾಗಿಲು ತೆಗೆದಿದ್ದಕ್ಕಿಂತ ಮಾತಾಡಿದ್ದೇ ಜಾಸ್ತಿ ಆಯ್ತಲ್ಲ," ಎಂದಳು ಅವಳು.

ಅವನು ತಿರುಗಿದ. ಕಿವಿ ಮತ್ತೆ ಕೆಂಪಾಯಿತು.

"ತೆಗೆಯೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಅಲ್ಲೀತನಕ ಹೊರಗೆ ಒಬ್ರು ಇದ್ದಾರೆ ಅಂತ ಒಳಗಿರೋರಿಗೆ ಗೊತ್ತಾಗ್ಬೇಕು. ಇಲ್ದಿದ್ರೆ ಬಾಗಿಲು ತೆಗೆದ ಮೇಲೂ ಕೆಲವರು ಹೊರಗೆ ಕಾಲಿಡಲ್ಲ."

ಆ ಮಾತು ಅವಳಿಗೆ ಎಲ್ಲೋ ನಾಟಿತು. ಇವನು ಗೊತ್ತಿದ್ದೇ ಹೇಳಿದನೇ? ಇಲ್ಲ... ಅವನು ಸ್ಪ್ಯಾನರು ಒರೆಸುತ್ತಿದ್ದ.

"ನಾನು ಕ್ಷಮೆ ಕೇಳೋಕೆ ಬಂದೆ," ಎಂದಳು. "ನೀವು ಕತ್ತರಿಸಿಲ್ಲ ಅಂತ ಗೊತ್ತಾಯ್ತು."

"ಹೇಗೆ?"

"ಗೊತ್ತಾಯ್ತು ಅಷ್ಟೆ. ಆದ್ರೆ ಯಾರು ಅಂತ ಗೊತ್ತಾಗ್ತಿಲ್ಲ. ಊಟ ಮಾಡೋವಾಗ್ಲೂ ಅದೇ. ಅಂಗಿ ನಿಮ್ಮ ಕೈಗೆ ಯಾರು ಕೊಡ್ತಾರೆ?"

ಅವನು ನಗುತ್ತಾ ಹೇಳಿದ. "ನನ್ನ ಅಕ್ಕ. ಪಕ್ಕದ ಬೀದೀಲೇ ಅವಳ ಮನೆ. ನನ್ನ ಬಟ್ಟೆ ಒಗೆಯೋ ಮೆಷಿನ್ ಇರೋದು ಅಲ್ಲೇ. ಪ್ರತಿ ವಾರ ಚೀಲ ಕೊಟ್ಟು, ಗುಂಡಿ ಹೋಗಿದೆ ಕಣೋ, ಅದೇ ಅಂಗಡಿಗೇ ಹೋಗು, ಬೇರೆಲ್ಲೂ ಬೇಡ ಅಂತಾಳೆ."

"ಅದೇ ಅಂಗಡಿಗೇ? ಯಾಕಂತೆ?"

"ಅವಳ ಮದುವೆ ಕೋಟು ಹೊಲಿದಿದ್ದು ಅಲ್ಲೇ ಅಲ್ವಾ. ನೀವೂ ನೋಡಿರ್ತೀರಿ. ನೀಲಿ ಮಖಮಲ್ಲಿಂದು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಹಾಗಾದರೆ ಇದು ಸೇಡು. ವಾರಕ್ಕೊಂದು ಗುಂಡಿ ಕತ್ತರಿಸಿ ಕಳಿಸುವುದು... ನೀನು ಏನು ಮಾಡಿದ್ದೀಯೋ ನಾನು ಮರೆತಿಲ್ಲ, ನಿನ್ನ ಯೋಗ್ಯತೆ ಇಷ್ಟೇ, ಗುಂಡಿ ಹಚ್ಚಿಕೊಂಡು ಬಿದ್ದಿರು ಎಂದು ಹೇಳುವುದು. ಇವನ ಕೈಯಲ್ಲಿ ಕಳಿಸುವುದು.

"ಏನಾಯ್ತು?" ಎಂದು ಅವನು ಎದ್ದುನಿಂತ. "ನಾನೇನಾದ್ರೂ ತಪ್ಪು..."

ಅವಳು ಬಂದ ದಾರಿಯಲ್ಲಿ ಬಹುತೇಕ ಓಡಿದಳು.

*

ಮರುದಿನ ಮಧ್ಯಾಹ್ನ ಯಾರೋ ಬಂದದ್ದು ಗೊತ್ತಾಯಿತು. ಗುರುತು ಸಿಗದ ಭಾರದ ಹೆಜ್ಜೆ. ಏದುಸಿರು. ಸ್ಟೂಲು ಎಳೆದ ಸದ್ದು. ಅತ್ತೆಯ ದನಿ.

"ಈ ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ಬರ್ತಾರಾ? ನಾನೇ ಬರ್ತಿದ್ನಲ್ಲ."

"ಬರಲೇಬೇಕಿತ್ತು. ನನ್ನ ತಮ್ಮ ನಿನ್ನೆಯಿಂದ ಊಟ ಬಿಟ್ಟಿದ್ದಾನೆ. ನೀನು ಏನು ಮಾಡ್ದೆ ಹೇಳು ಅಂತ ನನ್ನ ಜೀವ ತಿಂತಿದ್ದಾನೆ. ಎಲ್ಲಿ ಅವಳು?"

ಆ ದನಿ! ಪರದೆಯ ಹಿಂದೆ ಅವಳು ಗೋಡೆಗೆ ಒತ್ತಿಕೊಂಡಳು.

ಪರದೆ ಸರಿಯಲಿಲ್ಲ. ಬಂದವಳು ಪರದೆಗೇ ಮಾತಾಡಿದಳು. "ಅಲ್ಲೇ ಇದ್ದೀಯ ಅಂತ ಗೊತ್ತು. ಗುಂಡಿ ಕತ್ತರಿಸಿದ್ದು ನಾನೇ. ಉಗುರು ಕತ್ತರಿಸೋ ಕತ್ತರೀಲಿ."

ಪರದೆಯ ಹಿಂದಿನಿಂದ ಉತ್ತರ ಬಂತು. "ನನ್ನ ಮೇಲೆ ಅಷ್ಟು ಕೋಪ ಇದ್ರೆ ನೇರವಾಗಿ ಬೈಬಹುದಿತ್ತು."

"ಕೋಪ?"

"ನಿಮ್ಮ ಕೋಟು ಹಾಳು ಮಾಡ್ದೆ. ಮದುವೆ ದಿನ ನೀವು ಕನ್ನಡಿ ಮುಂದೆ ಅತ್ತಿದ್ದು ನಾನು ಕೇಳಿಸ್ಕೊಂಡೆ."

ಸ್ಟೂಲು ಪರದೆಯ ಹತ್ತಿರಕ್ಕೆ ಸರಿದ ಸದ್ದಾಯಿತು.

"ಅಯ್ಯೋ ಹುಚ್ಚಿ," ಎಂದಳು ಅಕ್ಕ. ದನಿ ಮೆತ್ತಗಾಗಿತ್ತು. "ನಮ್ಮಮ್ಮ ತೀರ್ಕೊಂಡಾಗ ತಮ್ಮ ಇನ್ನೂ ಸ್ಕೂಲಿನಲ್ಲಿದ್ದ. ಅವನ ಮುಂದೆ ಅಳಬಾರದು ಅಂತ ಅವತ್ತಿಂದ ಹಲ್ಲು ಕಚ್ಚಿಕೊಂಡಿದ್ದೆ. ಆ ದಿನ ಕೋಟು ಹಾಕ್ಕೊಂಡು ಕನ್ನಡಿ ನೋಡ್ದೆ. ಭುಜ, ಕತ್ತು, ನಿಂತ ರೀತಿ... ಅಮ್ಮನೇ ನಿಂತಿದ್ದಳು ಅಲ್ಲಿ. ಅಳು ತಡೆಯೋಕಾಗ್ಲಿಲ್ಲ. ಕೋಟಿನ ಬಣ್ಣ ನೋಡೋಕೆ ಕಣ್ಣೆಲ್ಲಿ ಬಿಡುವಿತ್ತು?"

"ಬಣ್ಣ ಬೇರೆ ಇತ್ತು," ಎಂದಿತು ಪರದೆ, ಹಟದಿಂದ.

"ಇತ್ತು. ಫೋಟೋದಲ್ಲಿ ಕಾಣುತ್ತೆ. ಒಂದು ಕಡೆ ಹಗಲು, ಒಂದು ಕಡೆ ಸಂಜೆ ಅಂತ ನನ್ನ ಗಂಡ ಈಗಲೂ ಆಡ್ಕೊಳ್ತಾನೆ. ತಪ್ಪಾಗಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ ಭುಜ ಕತ್ತರಿಸಿದ್ದೂ ನೀನೇ. ಮದುವೆ ಆದ್ಮೇಲೆ ಅದನ್ನ ಹೇಳೋಕೆ ಅಂತ ಎಷ್ಟು ಸಲ ಬಂದೆ! ನಾನು ಬಂದಾಗೆಲ್ಲ ನೀನು ಹಿತ್ತಿಲ ಬಾಗಿಲಿಂದ ಮಾಯ."

ನಿಜ. ಅವಳಿಗೆ ಆ ಹೆಜ್ಜೆಯ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತು.

"ಅದಕ್ಕೆ ನಾನೇ ಒಂದು ದಾರಿ ಹೇಳ್ಕೊಟ್ಟೆ," ಎಂದು ಅತ್ತೆ ಗಂಟಲು ಸರಿಮಾಡಿಕೊಂಡಳು. "ಬೈದ್ರೆ ನೀನು ಇನ್ನೂ ಒಳಗೆ ಹೋಗ್ತಿದ್ದೆ. ಬೇಡ್ಕೊಂಡ್ರೆ ಅಳ್ತಿದ್ದೆ. ಆದ್ರೆ ಚಿಕ್ಕಂದಿನಿಂದ ನಿನಗೊಂದು ಕಾಯಿಲೆ. ಯಾವುದಾದ್ರೂ ಯಾಕೆ ಹೀಗಿದೆ ಅಂತ ಗೊತ್ತಾಗದಿದ್ರೆ ಅನ್ನ ಇಳಿಯಲ್ಲ. ಗಡಿಯಾರ ಯಾಕೆ ನಿಂತಿತು ಅಂತ ನೋಡೋಕೆ ಹೋಗಿ ಇಡೀ ಗಡಿಯಾರ ಬಿಚ್ಚಿಟ್ಟವಳು ನೀನು. ಅರ್ಥ ಆಗದ್ದು ಒಂದು ಕೊಟ್ರೆ ತಾನಾಗೇ ಹೊರಗೆ ಬರ್ತಾಳೆ ಅಂದೆ."

"ನನ್ನನ್ನ ಮೀನು ಹಿಡಿದ ಹಾಗೆ ಹಿಡಿದ್ರಾ?"

"ಮೀನು ಹಿಡಿಯೋಕೆ ಇಷ್ಟು ವಾರ ಬೇಡಮ್ಮ," ಎಂದ ಮಾವ ಇಸ್ತ್ರಿಯ ಹಿಂದಿನಿಂದ.

"ಮಾವ, ನಿನಗೂ ಗೊತ್ತಿತ್ತಾ?"

"ನನಗೇನು ಗೊತ್ತು. ನಾನು ಇಸ್ತ್ರಿ ಮಾಡೋನು."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಬೇಕೋ ತಿಳಿಯದೆ ಪರದೆಯ ಅಂಚನ್ನು ಹಿಡಿದುಕೊಂಡಳು. ನಿಧಾನವಾಗಿ ಸರಿಸಿದಳು.

ಅಕ್ಕ ಸ್ಟೂಲಿನ ಮೇಲೆ ತುಂಬು ಬಸುರಿಯಾಗಿ ಕೂತಿದ್ದಳು. ತೊಡೆಯ ಮೇಲೆ ಆ ನೀಲಿ ಕೋಟು.

"ತಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ," ಎಂದಳು ಅಕ್ಕ. "ಮೊದಮೊದಲು ಇನ್ನೊಂದು ಗುಂಡೀನಾ ಅಂತ ಗೊಣಗ್ತಿದ್ದ. ಆಮೇಲಾಮೇಲೆ ನಾನು ಚೀಲ ಎತ್ತೋಕೆ ಮುಂಚೆನೇ ಕೈ ಚಾಚ್ತಿದ್ದ. ಅದು ನಮ್ಮ ಯೋಜನೇಲಿ ಇರ್ಲಿಲ್ಲ." ಕೋಟನ್ನು ಮುಂದೆ ಹಿಡಿದಳು. "ಇದನ್ನ ಬಿಚ್ಚಿ ಮಗೂಗೆ ಒಂದು ಪುಟ್ಟ ಕೋಟು ಮಾಡ್ಕೊಡು. ನೀನೇ ಕತ್ತರಿಸ್ಬೇಕು."

"ನನ್ನ ಕೈಲಿ ಆಗಲ್ಲ."

"ಆಗದಿದ್ರೆ ಬೇಡ. ಬಟ್ಟೆ ಇಲ್ಲೇ ಇರುತ್ತೆ, ಕೊಳೆಯಲ್ಲ. ಮಗೂಗೆ ಆಗದಿದ್ರೆ ಮುಂದೆ ಅದರ ಗೊಂಬೆಗೆ ಆಗುತ್ತೆ," ಎಂದು ಅಕ್ಕ ಎದ್ದು, ಸೊಂಟಕ್ಕೆ ಕೈಕೊಟ್ಟು ಹೊರಟೇಬಿಟ್ಟಳು.

*

ಕೋಟು ಮೇಜಿನ ಮೇಲೆಯೇ ಇತ್ತು. ಅವಳು ದಾಟುವಾಗಲೆಲ್ಲ ಕಣ್ಣು ತಪ್ಪಿಸಿದಳು. ಆಮೇಲೆ ತಪ್ಪಿಸುವುದನ್ನು ಬಿಟ್ಟಳು. ಕೂತು ಹೊಲಿಗೆ ಬಿಚ್ಚಿದಳು. ಬಿಚ್ಚುವುದಕ್ಕೇನು, ಸೂಜಿ ಸಾಕು.

ತುಂಡುಗಳು ಬೇರೆಯಾದವು. ಅವಳು ಕಣ್ಣು ಮುಚ್ಚಿ ಅಂಗೈಯಿಂದ ಒಂದೊಂದನ್ನೂ ಸವರಿ, ನುಣುಪು ಹೋಗುವ ದಿಕ್ಕಿಗೆ ಸೀಮೆಸುಣ್ಣದಲ್ಲಿ ಬಾಣ ಎಳೆದಳು. ಎಲ್ಲ ಬಾಣಗಳನ್ನೂ ಒಂದೇ ಕಡೆಗೆ ತಿರುಗಿಸಿ ಜೋಡಿಸಿದಳು. ಈಗ ಕಿಟಕಿಯ ಬೆಳಕಿನಲ್ಲಿ ಎಲ್ಲವೂ ಒಂದೇ ನೀಲಿ. ತಪ್ಪು ಇಷ್ಟು ಚಿಕ್ಕದಾಗಿತ್ತೇ? ಒಂದು ತುಂಡನ್ನು ತಿರುಗಿಸಿ ಇಡುವಷ್ಟು?

ಗೋಡೆಯ ಮೊಳೆಯಲ್ಲಿ ಅವಳ ಕತ್ತರಿ ತೂಗುತ್ತಿತ್ತು. ಇಷ್ಟು ದಿನ ಮುಟ್ಟದ್ದು, ತುಕ್ಕು ಹಿಡಿದಿರಬೇಕು ಎಂದುಕೊಂಡು ತೆಗೆದಳು. ಅಲಗು ಮಿಂಚಿತು. ಬೆರಳಿನ ತುದಿ ತಾಗಿಸಿದರೆ ಹೊಸದರಷ್ಟೇ ಹರಿತ. ತಿರುಗಣೆಯಲ್ಲಿ ಎಣ್ಣೆಯ ಪಸೆ ಇನ್ನೂ ಇತ್ತು.

"ಮಾವ... ಇದನ್ನ ಸಾಣೆ ಹಿಡಿಸಿದ್ದು ಯಾರು?"

"ಅಂಗಡಿಯ ಸಣ್ಣ ಕತ್ತರಿ ಕೊಟ್ಟಾಗಲೆಲ್ಲ ಅದನ್ನೂ ಕೊಡ್ತಿದ್ದೆ."

"ನಾನು ಮುಟ್ಟಲ್ಲ ಅಂದಿದ್ದೆನಲ್ಲ."

"ನೀನು ಅಂದಿದ್ದೆ. ಕತ್ತರಿ ಏನೂ ಅಂದಿರ್ಲಿಲ್ಲ."

ಅವಳು ಕತ್ತರಿಯ ಹಿಡಿಯೊಳಗೆ ಬೆರಳು ತೂರಿಸಿದಳು. ಮಾವ ಬಂದು ಎದುರು ನಿಂತು, ನಡುಗುವ ಎರಡೂ ಕೈಗಳನ್ನು ಮಖಮಲ್ಲಿನ ಅಂಚಿನ ಮೇಲೆ ಒತ್ತಿ ಹಿಡಿದ. ಬಟ್ಟೆ ಕದಲದಂತೆ. ಒತ್ತಿದ ಕೈಗಳ ನಡುಕ ನಿಂತಿತ್ತು.

"ಹೂಂ," ಎಂದ.

ಅಲಗುಗಳು ತೆರೆದವು. ಬಟ್ಟೆ ತಾನಾಗಿ ದಾರಿ ಬಿಟ್ಟಿತು.

ಕೌಂಟರಿನಲ್ಲಿ ಅತ್ತೆಯ ಗುಂಡುಸೂಜಿ ಡಬ್ಬಿ ಉರುಳಿತು. ಯಾರೂ ಎತ್ತಲು ಹೋಗಲಿಲ್ಲ.

*

ಪುಟ್ಟ ಕೋಟು ಒಯ್ಯಲು ಅವನೇ ಬಂದ. ಬಂದವನು ಒಳಗೆ ಕಾಲಿಡುವ ಮೊದಲು ಶಟರಿನ ಎರಡೂ ಬದಿಗೆ ಎಣ್ಣೆ ಬಿಟ್ಟ. ಅಂಗಡಿಯಲ್ಲಿ ಪರದೆ ಇರಲಿಲ್ಲ. ಕತ್ತರಿಸುವ ಮೇಜು ಕಿಟಕಿಯ ಪಕ್ಕಕ್ಕೆ ಬಂದಿತ್ತು. ಅವಳು ಮೇಜಿನ ಹಿಂದೆ ನಿಂತು ಯಾರದೋ ಹೊಸ ಅಂಗಿಗೆ ಗೆರೆ ಎಳೆಯುತ್ತಿದ್ದಳು. ಅತ್ತೆ, ಮಾವ ಇದ್ದಕ್ಕಿದ್ದಂತೆ ಟೀ ಕುಡಿಯಲು ಹೊರಗೆ ಹೊರಟರು. ಟೀ ಫ್ಲಾಸ್ಕು ಕೌಂಟರಿನ ಮೇಲೆಯೇ ಇತ್ತು.

ಅವನು ಅಂಗೈಯಗಲದ ಕೋಟನ್ನು ಬೆಳಕಿಗೆ ಹಿಡಿದು ನೋಡಿದ. ತೋಳು, ಬೆನ್ನು, ಎದೆ. ಒಂದೇ ನೀಲಿ.

"ಅಕ್ಕ ಎಲ್ಲಾ ಹೇಳಿದ್ಳು," ಎಂದ. "ಅವತ್ತು ಕಟ್ಟಡದಲ್ಲಿ ನನಗೆ ಗೊತ್ತಿದ್ದಿದ್ರೆ..."

"ನಿಮಗೆ ಗೊತ್ತಿಲ್ಲದ್ದೇ ಒಳ್ಳೇದಾಯ್ತು. ಗೊತ್ತಿದ್ರೆ ಸಮಾಧಾನ ಮಾಡೋಕೆ ಬರ್ತಿದ್ರಿ. ನಾನು ಮತ್ತೆ ಒಳಗೆ ಹೋಗ್ತಿದ್ದೆ."

"ಅಕ್ಕ ಗುಂಡಿ ಕತ್ತರಿಸಿದ್ದು ನಿಮ್ಮನ್ನ ಹೊರಗೆ ತರೋಕೆ. ನಾನು ಬರ್ತಿದ್ದಿದ್ದು ಅದಕ್ಕಲ್ಲ."

ಅವಳ ಸೀಮೆಸುಣ್ಣ ನಿಂತಿತು. "ಮತ್ತೆ ಯಾಕೆ?"

"ಕಾಲರಿಗೆ."

"ಕಾಲರಿಗಾ?"

"ಯಾರೂ ಕೇಳದೆ, ಯಾರೂ ಗಮನಿಸದ ಜಾಗವನ್ನ ಅಷ್ಟು ಅಚ್ಚುಕಟ್ಟಾಗಿ ಹೊಲಿಯೋರು ಹೇಗಿರ್ತಾರೆ ಅಂತ... ನೋಡ್ಬೇಕು ಅನ್ನಿಸ್ತು. ಒಮ್ಮೆ ಅನ್ನಿಸಿದ್ದು ಆಮೇಲೆ ಹೋಗ್ಲಿಲ್ಲ."

"ನೋಡಿದ್ರಲ್ಲ. ಚೆನ್ನಾಗಿ ಬೈಸ್ಕೊಂಡ್ರಿ ಕೂಡ."

"ಬೈಸ್ಕೊಳ್ತಾ ಇದ್ದಾಗ್ಲೇ ಗೊತ್ತಾಯ್ತು."

"ಏನು?"

"ಇನ್ನೂ ಬೈಸ್ಕೊಬೇಕು ಅಂತ."

ಅವಳು ನಕ್ಕಳು. ತನ್ನ ನಗು ತನಗೇ ಹೊಸದಾಗಿ ಕೇಳಿಸಿತು. ಮುಖ ಬಿಸಿಯಾದದ್ದನ್ನು ಮರೆಮಾಡಲು ಕಣ್ಣು ತಗ್ಗಿಸಿದಾಗ ಕಂಡಿತು. ಅವನ ಅಂಗಿಯ ನಡುವಿನ ಗುಂಡಿ ಇರಲಿಲ್ಲ. ಬಗ್ಗಿ ನೋಡಿದಳು. ಬಟ್ಟೆ ಮುದುಡಿತ್ತು, ದಾರ ಹಿಂಜಿತ್ತು.

"ಇದು ನಿಜವಾಗ್ಲೂ ಬಿದ್ದಿದ್ದು."

"ಲಿಫ್ಟಿನ ಬಾಗಿಲಿಗೆ ಸಿಕ್ಕಿ ಕಿತ್ಕೊಂಡು ಬಂತು."

"ಗುಂಡಿ ಇದೆಯಾ?"

ಅವನು ಅಂಗೈ ಬಿಚ್ಚಿದ. ಗ್ರೀಸಿನ ಗೆರೆಗಳ ನಡುವೆ ಒಂದು ಬಿಳಿ ಗುಂಡಿ.

ಅವಳು ಸೂಜಿಗೆ ದಾರ ಪೋಣಿಸಿ, ಕೈ ಚಾಚಿದಳು. "ಕೊಡಿ, ಹಚ್ಚಿಕೊಡ್ತೀನಿ. ಎರಡು ನಿಮಿಷದಲ್ಲಿ ನಿಮ್ಮ ಕೆಲಸ ಮುಗಿಯುತ್ತೆ."

ಅವನು ಚಾಚಿದ ಕೈಯನ್ನು ನೋಡಿದ. ಅತ್ತೆಯ ಸ್ಟೂಲನ್ನು ನೋಡಿದ. ಮುಷ್ಟಿ ಮುಚ್ಚಿ, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಬೇಡ," ಎಂದ. "ಕೆಲಸ ಬಾಕಿ ಇರೋರಿಗೆ ಮಾತ್ರ ತಾನೇ ಸ್ಟೂಲು?"